ಭಾವನ ಕಾರಿನ ಹಳದಿ ದೀಪ

ಕಾರು ತೊಳೆದದ್ದೇ ತಪ್ಪಾಯಿತು. ಹೊರಗೆ ಮಾತ್ರ ತೊಳೆದು ಬಿಟ್ಟಿದ್ದರೆ ಭುಜಂಗನ ಗ್ರಹಚಾರ ಅಷ್ಟು ಕೆಡುತ್ತಿರಲಿಲ್ಲ. ದುಬೈಯಿಂದ ಬರುವ ಭಾವನ ಕಣ್ಣಿಗೆ ಎಲ್ಲವೂ ಫಳಫಳ ಹೊಳೆಯಲಿ ಎಂದು, ಆಯುಧಪೂಜೆಗೆ ಮಾಡುವ ಹಾಗೆ ಬಾನೆಟ್ ಎತ್ತಿ, ಪೈಪು ಹಿಡಿದು ಇಂಜಿನ್ನಿಗೂ ಅಭಿಷೇಕ ಮಾಡಿಬಿಟ್ಟ. ಕೀಲಿ ತಿರುಗಿಸಿದರೆ ಇಂಜಿನ್ ಕೆಮ್ಮಿತು. ಸ್ಟೇರಿಂಗಿನ ಎದುರಿಗೆ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡದ್ದು ಆರಲೇ ಇಲ್ಲ.

ಕಾರು ಹೆಂಡತಿ ವಿನೋದಾಳ ಅಣ್ಣ ಚಂದುವಿನದು. ಅವನು ಊರಲ್ಲಿಲ್ಲದಾಗ ಅದು ಮೊದಲು ಕಾರ್ಕಳದಲ್ಲಿ ಭುಜಂಗನ ಷಡ್ಡಕನ ಮನೆಯಲ್ಲಿರುತ್ತಿತ್ತು. ಬಾಗಿಲಿಗೊಂದು ಗೀರು ಬಿದ್ದದ್ದೇ ತಡ, ಚಂದು ಕೀಲಿ ಕಿತ್ತುಕೊಂಡು ಭುಜಂಗನ ಕೈಗೆ ಕೊಟ್ಟಿದ್ದ. ಅಂದಿನಿಂದ ಭುಜಂಗ ಮಣಿಪಾಲದ ಆಫೀಸಿಗೆ ಕಾರಿನಲ್ಲಿ ಹೋಗುವ ಗೌರವಸ್ಥ. ಈ ದೀಪ ಭಾವನ ಕಣ್ಣಿಗೆ ಬಿದ್ದರೆ ಮತ್ತೆ ಸಿಟಿ ಬಸ್ಸಿನ ಫುಟ್‌ಬೋರ್ಡೇ ಗತಿ. ಭಾವ ಸಂಜೆಗೆ ಬರುವವನಿದ್ದ.

ಗುಟ್ಟಾಗಿ ಸರಿಮಾಡಿಸೋಣವೆಂದರೆ ಅವನ ಮನೆಯಿದ್ದ ಬನ್ನಂಜೆಯ ಆ ಓಣಿಯಲ್ಲಿ ಬಾನೆಟ್ ಎತ್ತಿದರೆ ಸಾಕು, ಜನ ಸೇರುತ್ತಾರೆ. ಮೊದಲು ಬಂದವರು ಪಕ್ಕದ ಮನೆಯ ರೇಮಂಡ್.

"ಇದರೊಳಗೆ ಕಂಪ್ಯೂಟರ್ ಉಂಟಲ್ವಾ? ಆಫ್ ಮಾಡಿ ಆನ್ ಮಾಡಿದರೆ ಆಯ್ತು ಮಾರಾಯ್ರೆ," ಎಂದು ಬ್ಯಾಟರಿಯ ವಯರ್ ಬಿಚ್ಚಿ ಮತ್ತೆ ಜೋಡಿಸಿದರು. ದೀಪ ಆರಿತು. ರೇಮಂಡ್ ಮೀಸೆ ತಿರುವಿದರು. ಕಾರು ಓಣಿಯ ತಿರುವು ದಾಟುವಷ್ಟರಲ್ಲಿ ಮತ್ತೆ ಹೊತ್ತಿಕೊಂಡಿತು.

"ದೃಷ್ಟಿ ಬಿದ್ದದ್ದು ಅದು," ಎಂದರು ಎದುರು ಮನೆಯ ವಾರಿಜಕ್ಕ. ನಾಲ್ಕು ಚಕ್ರದಡಿಗೂ ಲಿಂಬೆಹಣ್ಣು ಇಡಿಸಿದರು. ಲಿಂಬೆ ಅಪ್ಪಚ್ಚಿಯಾಯಿತು, ದೀಪ ಮಾತ್ರ ನಂದಾದೀಪವಾಗಿ ಉಳಿಯಿತು.

ವಿಧಿಯಿಲ್ಲದೆ ಗ್ಯಾರೇಜಿಗೆ ಹೊರಟರೆ ಇಬ್ಬರೂ ಕಾರು ಹತ್ತಿದರು. ಗ್ಯಾರೇಜಿನ ಶ್ರವಣ್ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ದೋಷದ ಕೋಡ್ ಓದಿದ.

"ಆಕ್ಸಿಜನ್ ಸೆನ್ಸರ್ ಅಂತ ತೋರಿಸ್ತಾ ಉಂಟು."

"ಆಕ್ಸಿಜನ್ನಾ? ಹಾಗಾದರೆ ಇಲ್ಲಿ ಯಾಕೆ ನಿಂತದ್ದು? ಮಣಿಪಾಲದ ಆಸ್ಪತ್ರೆಗೇ ಸೇರಿಸುವ!" ವಾರಿಜಕ್ಕ ಗಾಬರಿಯಾದರು.

"ಇಂಜಿನ್ನಿಗೆ ನೀರು ಹಾಕಿದ್ದು ಯಾರು?" ಎಂದು ಶ್ರವಣ್ ಕೇಳಿದ. ಭುಜಂಗ ಆಕಾಶ ನೋಡಿದ. ಸೆನ್ಸರಿನ ವಯರ್ ಸೇರುವಲ್ಲಿ ನೀರು ಹೊಕ್ಕಿತ್ತು. ಅದನ್ನು ಬಿಚ್ಚಿ, ಗಾಳಿ ಹೊಡೆದು ಒಣಗಿಸಿ, ಶ್ರವಣ್ ಕೋಡ್ ಅಳಿಸಿದ.

"ಕಾಪುವರೆಗೆ ಓಡಿಸಿ ನೋಡಿ. ಮತ್ತೆ ಹೊತ್ತಿದರೆ ಸೆನ್ಸರೇ ಹೋಗಿದೆ ಅಂತ. ಹೊಸತು ಮಂಗಳೂರಿನಿಂದ ಬರಬೇಕು, ಇವತ್ತು ಆಗುವುದಿಲ್ಲ."

ಆ ದಾರಿಯುದ್ದಕ್ಕೂ ಭುಜಂಗ ರಸ್ತೆಗಿಂತ ದೀಪದ ಜಾಗವನ್ನು ನೋಡಿದ್ದೇ ಹೆಚ್ಚು. ಎದುರಿನಿಂದ ಎಕ್ಸ್‌ಪ್ರೆಸ್ ಬಸ್ಸೊಂದು ಮೈಮೇಲೇ ಬಂದಾಗ ವಾರಿಜಕ್ಕ ಉಚ್ಚಿಲದ ಮಹಾಲಕ್ಷ್ಮಿಗೆ ಹರಕೆ ಹೇಳಿಕೊಂಡರು.

"ನನ್ನನ್ನೂ ಸೇರಿಸಿ ಹೇಳಿ," ಎಂದರು ರೇಮಂಡ್, ಕಣ್ಣು ಮುಚ್ಚಿಕೊಂಡೇ.

ಕಾಪು ಬಂತು, ತಿರುಗಿ ಮನೆಯೂ ಬಂತು. ದೀಪ ಹೊತ್ತಲಿಲ್ಲ. ಭುಜಂಗನಿಗೆ ಸಂತೋಷಕ್ಕೆ ಅಳುವೇ ಬಂತು.

ಸಂಜೆ ಚಂದು ಬಂದವನೇ ಚಹಾ ಕೂಡ ಕುಡಿಯದೆ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಹಳದಿ ದೀಪ ಮಿನುಗಿತು. ಭುಜಂಗ ಕಿಟಕಿಯೊಳಗೆ ತಲೆ ಹಾಕಿದ. ಇಂಜಿನ್ ಚಾಲೂ ಆದದ್ದೇ ಅದು ಎಲ್ಲ ಕಾರುಗಳ ಪದ್ಧತಿಯಂತೆ ಆರಿತು.

"ಚಂದ ಇಟ್ಟಿದ್ದೀರಿ ಭಾವ! ಒಂದು ಲೈಟ್ ಇಲ್ಲ, ಸದ್ದಿಲ್ಲ. ಬಜಗೋಳಿಯಲ್ಲಿ ನನ್ನ ಸ್ನೇಹಿತನೊಬ್ಬ ಈ ಕಾರನ್ನು ಕ್ರಯಕ್ಕೆ ಕೇಳ್ತಾ ಇದ್ದಾನೆ. ಇಂಜಿನ್ನಿನಲ್ಲಿ ಏನೂ ಕಂಪ್ಲೇಂಟ್ ಇರಬಾರದು ಅಂತ ಅವನದೊಂದು ಹಟ. ಈಗಲೇ ಕೊಟ್ಟು ಬರುವ."

ಭುಜಂಗ ಮೆಲ್ಲಗೆ ಕೇಳಿದ: "ಕಂಪ್ಲೇಂಟ್ ಇದ್ದಿದ್ದರೆ?"

"ಅಂಥದ್ದನ್ನು ಸ್ನೇಹಿತನ ತಲೆಗೆ ಕಟ್ಟಲಿಕ್ಕಾಗ್ತದಾ? ಹಾಗೇನಾದರೂ ಇದ್ದಿದ್ದರೆ ನಿಮ್ಮ ಹೆಸರಿಗೇ ಮಾಡಿಕೊಡುವ ಅಂತ ಇದ್ದೆ, ತಂಗಿ ಮನೆಯಲ್ಲೇ ಇರಲಿ ಅಂತ. ಹತ್ತಿ ಭಾವ, ನೀವೂ ಬನ್ನಿ. ಬರುವಾಗ ಇಬ್ಬರೂ ಬಸ್ಸಿಗೆ ಬರುವ."

ಬಜಗೋಳಿ ಮುಟ್ಟುವವರೆಗೂ ಭುಜಂಗ ಕಣ್ಣು ಮಿಟುಕಿಸದೆ ಆ ಹಳದಿ ದೀಪದ ಜಾಗವನ್ನೇ ನೋಡುತ್ತ, ಈಗಲಾದರೂ ಹೊತ್ತಲಿ ಎಂದು ಕಂಡಕಂಡ ದೇವರನ್ನೆಲ್ಲ ಬೇಡಿಕೊಂಡ. ಶ್ರವಣ್ ಮಾಡಿದ ಕೆಲಸ ಬಲು ಗಟ್ಟಿಯಾಗಿತ್ತು.