ನಿಮ್ಮಪ್ಪಾಜಿಗೆ ಹೇಳು ಮಾರ್ಟವ್ವ

ಪುಟ್ಟತಾಯಮ್ಮ: ನಿಮ್ಮಪ್ಪಾಜಿಗೆ ಹೇಳು ಮಾರ್ಟವ್ವ, ಆಲೂಗಡ್ಡೆ ಮೂಟೆನ ಇಮಾನದಾಗೆ ಬುಡಾಕಿಲ್ಲ ಅಂತ. ನಾನು ಮಡ್ಲಕ್ಕಿ ಇಕ್ಕಿ ಕಳಿಸ್ತೀನಿ.

ಮಾರ್ಟಾ: ಅಪ್ಪಾಜಿ, ಆಲೂಗಡ್ಡೆ ಬುಡಾಕಿಲ್ವಂತೆ. ಅಮ್ಮ ಮಡ್ಲಕ್ಕಿ ಇಕ್ತಾರಂತೆ.

ಪುಟ್ಟರಾಜು: ಅಕ್ಕಿ ಬುಡ್ತಾರಂತಾ, ಕೇಳು ನಿಮ್ಮಮ್ಮನ್ನ. ಅಕ್ಕಿ, ಬೆಲ್ಲ, ತೆಂಗಿನಕಾಯಿ ಎಲ್ಲಾ ಓಗಬೌದಾದ್ರೆ ನಾಕು ಆಲೂಗಡ್ಡೆಗೇನ್ ರೋಗ?

ಮಾರ್ಟಾ: ರೋಗ ಐತೆ ಅಪ್ಪಾಜಿ. ಅಂಗಮಾರಿ. ಅದುನ್ನ ಓದಕ್ಕೇ ನಾನ್ ಬಂದಿದ್ದು.

ಪುಟ್ಟರಾಜು: ಅದು ನಂಗ್ ಗೊತ್ತು. ನಿಮ್ಮಮ್ಮಂಗೆ ಹೇಳು.

ನಿಮ್ಮಮ್ಮ ಎನಿಸಿಕೊಂಡವಳು ಬೇರೆ ಊರಿನಲ್ಲಿರಲಿಲ್ಲ. ಅದೇ ನಡುಮನೆಯಲ್ಲಿ, ಗಂಡ ಕೈ ಚಾಚಿದರೆ ಸೆರಗು ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದಳು. ಇಬ್ಬರ ನಡುವೆ ಚಾಪೆ ಹಾಕಿಕೊಂಡು ಕೂತ ಪೋಲೆಂಡ್ ದೇಶದ ಹುಡುಗಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕತ್ತು ತಿರುಗಿಸುತ್ತಾ ಕಾಫಿ ಕುಡಿಯುತ್ತಿದ್ದಳು. ಕತ್ತಿಗೆ ಅಭ್ಯಾಸವಾಗಿಹೋಗಿತ್ತು.

ಊರಿನ ಹೆಸರು ಶಾಂತಿಗ್ರಾಮ. ಆ ಮನೆಯಲ್ಲಂತೂ ಮಳೆಗಾಲ ಶುರುವಾದಾಗಿನಿಂದ ಶಾಂತಿ ಸ್ವಲ್ಪ ಹೆಚ್ಚೇ ಆಗಿತ್ತು. ಗಂಡ ಹೆಂಡತಿ ಮಾತು ಬಿಟ್ಟಿದ್ದರು.

ಕಾರಣ ಕೇಳಿದರೆ ನೀವು ನಗುತ್ತೀರಿ, ಆದರೆ ಪುಟ್ಟತಾಯಮ್ಮನ ಎದುರಿಗೆ ಮಾತ್ರ ನಗಬೇಡಿ. ಮಗಳು ಸಿಂಧುವನ್ನು ಕೊಣನೂರಿಗೆ ಕೊಟ್ಟು ಮದುವೆ ಮಾಡಿದರು. ಆ ಕಡೆಯವರು ಬೀಗರೂಟಕ್ಕೆ ಕರೆದರು. ಸಾಲಾಗಿ ಎಲೆ ಹಾಕಿ, ಬಿಸಿ ಮುದ್ದೆ ಇಕ್ಕಿ, ಮಟನ್ ಸಾರು ಬಿಟ್ಟರು. ಪುಟ್ಟರಾಜು ಒಂದು ತುತ್ತು ನುಂಗಿ ತುಂಬಿದ ಪಂಕ್ತಿಯಲ್ಲಿ, "ಮುದ್ದೆ ಅಂದ್ರೆ ಇದು ಕಣ್ರಪ್ಪ, ಬೆಣ್ಣೆ! ನಮ್ಮನೇದು ಕೈಜಾರಿ ಬಿದ್ರೆ ನೆಲ ಒಡೀತದೆ" ಎಂದುಬಿಟ್ಟ. ಬೀಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಪುಟ್ಟತಾಯಮ್ಮ ಅರ್ಧ ಊಟಕ್ಕೆ ಎದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, "ನೀವಾಗಿ ಬಂದು ಮಾತಾಡ್ಸೋವರ್ಗೂ ನಾನ್ ಮಾತಾಡಿದ್ರೆ ಕೇಳಿ" ಎಂದಳು. "ಬ್ಯಾಡ ಬುಡು, ಕಿವಿಗ್ ಒಳ್ಳೇದು" ಎಂದ ಪುಟ್ಟರಾಜು.

ಅದಾದ ಮುಂದಿನ ವಾರವೇ ಮಾರ್ಟಾ ಬಂದಳು. ಆಲೂಗಡ್ಡೆ ಬೆಳೆಯ ಮೇಲೆ ಓದುವುದಕ್ಕೆ ಒಂದು ಸೆಮಿಸ್ಟರ್ ಮಟ್ಟಿಗೆ ಹಾಸನದ ಕಾಲೇಜಿಗೆ ಬಂದವಳು, ಸಿಂಧುವಿನ ಖಾಲಿ ಕೋಣೆಯಲ್ಲಿ ಇಳಿದುಕೊಂಡಳು. ಬಸ್ಸಿಳಿದಾಗ ಅವಳ ಹತ್ತಿರ ಇದ್ದದ್ದು ಒಂದು ದೊಡ್ಡ ಬ್ಯಾಗು, ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದ ಒಂದೇ ಒಂದು ವಾಕ್ಯ: "ನನಗೆ... ಕನ್ನಡ... ಬರಲ್ಲ." ಬಂದ ಸಂಜೆಯೇ ಪುಟ್ಟತಾಯಮ್ಮ ಅವಳ ಕೈಗೆ ಲೋಟ ಕೊಟ್ಟು, ಜಗಲಿಯ ಕಡೆ ಗದ್ದ ತೋರಿಸಿ, "ಅವರ್ಗೆ ಕೊಡು, ತಕ್ಕೋ ಅನ್ನು" ಎಂದಳು. ಅಲ್ಲಿಂದ ಮಾರ್ಟಾಳ ಕನ್ನಡದ ಪಾಠವೂ ನಡೆಯಿತು, ಸಂಸಾರವೂ ನಡೆಯಿತು.

ಈಗ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು. ಪರೀಕ್ಷೆ ಒಂದು ಬಾಕಿ, ಆಮೇಲೆ ವಿಮಾನ.

ಮಾರ್ಟಾ: ಅಲ್ಲ, ನಾನ್ ಹೋದ್ಮೇಲೆ ನಿಮ್ಮಿಬ್ರು ಮಾತ್ನ ಯಾರ್ ಹೇಳ್ತಾರೆ?

ಪುಟ್ಟರಾಜು: ನಮ್ ಚನ್ನಪ್ಪ ಇಲ್ವಾ ಪಕ್ಕದ್ಮನೇಲಿ? ಹೊತ್ತಿಗೊಂದ್ ಸಲ ಬಂದೋಗ್ತಾನೆ.

ಪುಟ್ಟತಾಯಮ್ಮ: ನಿಮ್ಮಪ್ಪಾಜಿಗೆ ಹೇಳು, ಚನ್ನಪ್ಪನ ಕಿವಿಗ್ ಬಿದ್ರೆ ಚನ್ನರಾಯಪಟ್ಣದ ಬಸ್ಸಲ್ಲಿ ಕಂಡಕ್ಟ್ರೂ ನಮ್ಮನೆ ಸುದ್ದಿ ಕೇಳ್ತಾನೆ ಅಂತ.

ಮಾರ್ಟಾ: ಸಿಂಧು ಅಕ್ಕಂಗೆ ಪೋನ್ ಮಾಡಿ. ಅವ್ರು ಕೊಣನೂರಿಂದ ಹೇಳ್ತಾರೆ.

ಪುಟ್ಟರಾಜು: ಸಾರಿಗ್ ಉಪ್ಪಿಲ್ಲ ಅನ್ನಕ್ಕೆ ಕೊಣನೂರಿಗ್ ಪೋನಾ? ಅವ್ಳು ಎತ್ತೋವೊತ್ಗೆ ಸಾರೇ ಹಳಸಿರ್ತದೆ.

ಮಾರ್ಟಾ: ಅಂಗಾರೆ ನೀವೇ ಮಾತಾಡ್ಬುಡಿ.

ಇಬ್ಬರೂ ಒಟ್ಟಿಗೇ ಬೇರೆ ಬೇರೆ ಗೋಡೆ ನೋಡಿದರು. ಆಮೇಲೆ ಪುಟ್ಟರಾಜು ಡೈರಿಗೆ ಹಾಲು ಹಾಕುವ ಹೊತ್ತಾಯಿತೆಂದು ಕ್ಯಾನು ಎತ್ತಿಕೊಂಡು ಹೊರಟ. ಮೈಮೇಲೆ ಅಳಿಯ ರಜನೀಶ ಕೊಟ್ಟಿದ್ದ ಕೆಂಪು ಶರಟು. ಇತ್ತೀಚೆಗೆ ಅದನ್ನು ಅವನು ಬಿಚ್ಚಿದ್ದೇ ಕಡಿಮೆ.

ಪುಟ್ಟತಾಯಮ್ಮ ಕೊಟ್ಟಿಗೆಗೆ ಹೋದಳು. ಮಾರ್ಟಾ ಹೋದಮೇಲೆ ಹೇಗೋ ಏನೋ ಎಂದು ಈಗಲೇ ಒಂದು ಅಭ್ಯಾಸ ಮಾಡಿಕೊಳ್ಳೋಣ ಅನ್ನಿಸಿತು. ಹಸುವಿನ ಗಂಗೆದೊಗಲು ಸವರಿ, "ಗೌರಿ, ನಿಮ್ಮೆಜಮಾನ್ರಿಗೆ ಹೇಳು, ನಾಳೀಕ್ ಹಿಂಡಿ ತರ್ಬೇಕು ಅಂತ" ಎಂದಳು. ಗೌರಿ ಮೆಲುಕು ಹಾಕಿತು. ಮಾರ್ಟಾ ಇದಕ್ಕಿಂತ ಬೇಗ ಕಲಿತಿದ್ದಳು ಎಂದುಕೊಂಡು ಪುಟ್ಟತಾಯಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

ಅವಳ ಸಂಕಟ ಬೇರೆಯೇ ಇತ್ತು, ಯಾರಿಗೂ ಹೇಳುವಂಥದ್ದಲ್ಲ. ಮಾತು ಬಿಟ್ಟಮೇಲೆ ಪುಟ್ಟರಾಜು ಊಟಕ್ಕೆ ಜಗಲಿಯಲ್ಲಿ ಕೂರುತ್ತಿದ್ದ, ಅವಳು ಹಿತ್ತಲ ಒಲೆಯ ಮುಂದೆ ಇರುತ್ತಿದ್ದಳು. ಮಾರ್ಟಾ ತಟ್ಟೆ ಕೊಟ್ಟು, ಅವನು ಹೇಳಿದ್ದನ್ನು ಕೇಳಿಕೊಂಡು, ಇಡೀ ಮನೆ ದಾಟಿ ಬಂದು ಹೇಳುತ್ತಿದ್ದಳು: "ಅಮ್ಮ, ಮುದ್ದೆ ಚೆನ್ನಾಗೈತಂತೆ." ದಿನಾ ಚೆನ್ನಾಗೈತಂತೆ! ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೊಗಳದ ಗಂಡ, ಮಾತು ಬಿಟ್ಟಮೇಲೆ ದಿನವೂ ಹೊಗಳತೊಡಗಿದ್ದ. "ಗಟ್ಟಿಯಾಗೈತೆ, ಚೆನ್ನಾಗೈತಂತೆ" ಎಂದು ಮಾರ್ಟಾ ಒಂದು ದಿನ ಹೇಳಿದ ಮೇಲಂತೂ ಪುಟ್ಟತಾಯಮ್ಮ ಮಾರನೆಯ ದಿನದಿಂದ ಇನ್ನಷ್ಟು ಹಿಟ್ಟು ಹಾಕಿ, ಕೋಲು ಮುರಿಯುವ ಹಾಗೆ ತೊಳಸುತ್ತಿದ್ದಳು. ಹುಡುಗಿ ಹೋದರೆ ಈ ಹೊಗಳಿಕೆಯೂ ಅವಳ ಬ್ಯಾಗಿನಲ್ಲೇ ಹೋಗುತ್ತದಲ್ಲ ಎಂಬುದೇ ಪುಟ್ಟತಾಯಮ್ಮನ ಸಂಕಟ. ತಾನಾಗಿ ಮಾತಾಡಿಸಿದರೆ ಸೋತಂತೆ. ಮಾತಾಡಿಸದೆ ಇದ್ದರೆ ಮನೆ ಮೂಕ.

ಭಾನುವಾರ ನಾಟಿಕೋಳಿ ಸಾರು ಮಾಡಿದಳು. ಮಾರ್ಟಾ ಹೊರಡುವ ಮುಂಚಿನ ಕೊನೆಯ ಭಾನುವಾರ ಅದು.

ಮಾರ್ಟಾ: ಅಮ್ಮ, ಒಂದ್ ಆಸೆ. ಈವತ್ತು ಮೂರೂ ಜನ ಒಟ್ಗೇ ಕುಂತು ಉಣ್ಬೇಕು.

ಪುಟ್ಟತಾಯಮ್ಮ: ಅವರ್ನ ಕೇಳು.

ಮಾರ್ಟಾ: ಅಪ್ಪಾಜಿ, ಅಮ್ಮ ಒಳಗ್ ಬನ್ನಿ ಅಂದ್ರು.

ಪುಟ್ಟರಾಜು: (ಕೆಂಪು ಶರಟಿನ ಕಾಲರ್ ಸರಿಮಾಡಿಕೊಳ್ಳುತ್ತಾ) ಅಂದ್ರಾ? ಬತ್ತೀನಿ ಅನ್ನು.

ಮೂವರೂ ನಡುಮನೆಯಲ್ಲಿ ಕೂತರು. ಪುಟ್ಟತಾಯಮ್ಮ ಅವತ್ತು ತನ್ನ ವಿದ್ಯೆಯನ್ನೆಲ್ಲ ಆ ಮುದ್ದೆಗೆ ಹಾಕಿದ್ದಳು. ಪುಟ್ಟರಾಜು ಬೆರಳೊತ್ತಿದ, ಬೆರಳು ಇಳಿಯಲಿಲ್ಲ. ಹೆಬ್ಬೆರಳು ಸೇರಿಸಿ ಒತ್ತಿದ. ಮುದ್ದೆ ತಟ್ಟೆಯಿಂದ ಎಗರಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ, ಪುಟ್ಟತಾಯಮ್ಮನ ಮೊಣಕಾಲಿಗೆ ತಗುಲಿ ನಿಂತಿತು.

ಪುಟ್ಟತಾಯಮ್ಮ: ನೋಡ್ದೇನವ್ವಾ, ಒಂದ್ ಬಿರುಕ್ ಬಿಟ್ಟಿಲ್ಲ! ಅವರ್ಗೆ ಇಷ್ಟ ಆಗೋ ಹದಕ್ಕೆ ಈವತ್ತು ಬಂದೈತೆ.

ಪುಟ್ಟರಾಜು: ಇಷ್ಟ? ಯಾರ್ಗ್ ಇಷ್ಟ? ಮುದ್ದೆ ನುಂಗೋ ವಂಶ ಕಣವ್ವ ನಮ್ದು. ಈ ನಾಕ್ ತಿಂಗ್ಳಿಂದ ನಾನು ಅಗೀತಾ ಇವ್ನಿ! ಯಾರಾದ್ರೂ ನೋಡ್ಗೀಡಾರು ಅಂತ ಗೋಡೆ ಕಡೀಕ್ ತಿರೀಕಂಡು ಅಗೀತಾ ಇವ್ನಿ!

ಪುಟ್ಟತಾಯಮ್ಮ: ಇದೇನವ್ವ ಇದು, ದಿನಾ ಚೆನ್ನಾಗೈತೆ ಅಂತ ಹೇಳ್ಕಳಿಸ್ತಿದ್ರಲ್ಲ?

ಪುಟ್ಟರಾಜು: ಕಲ್ಲಂಗೈತೆ ಅಂತ ಹೇಳ್ಕಳಿಸ್ದೆ! ಮೆತ್ತಗ್ ಮಾಡು ಅನ್ನು ಅಂತ ಹೇಳ್ಕಳಿಸ್ದೆ!

ಪುಟ್ಟತಾಯಮ್ಮ: ಮಾರ್ಟಾ?

ಮಾರ್ಟಾ ಸಾರಿನ ಬಟ್ಟಲಲ್ಲಿ ಏನನ್ನೋ ಹುಡುಕತೊಡಗಿದಳು. ಸಿಗಲಿಲ್ಲ.

ಮಾರ್ಟಾ: ಮೊದ್ಲು ನಂಗ್ ಗೊತ್ತಿದ್ದಿದ್ದು 'ಚೆನ್ನಾಗೈತೆ' ಒಂದೇ ಅಮ್ಮ. ಅಪ್ಪಾಜಿ ಉದ್ದಕ್ ಏನೋ ಹೇಳೋರು, ನಾನ್ ಬಂದು ಅದೊಂದ್ ಹೇಳ್ತಿದ್ದೆ. ಆಮೇಲ್ ಎಲ್ಲಾ ಅರ್ಥ ಆಗಕ್ ಶುರುವಾಯ್ತು. ಆದ್ರೆ ಚೆನ್ನಾಗೈತಂತೆ ಅಂದ್ರೆ ನೀವ್ ನಗ್ತಿದ್ರಿ. ನಂಗೆ ಬೇರೆ ಹೇಳಕ್ ಮನ್ಸೇ ಬರ್ನಿಲ್ಲ.

ಪುಟ್ಟತಾಯಮ್ಮನ ಮುಖ ಸಪ್ಪಗಾಯಿತು. ಅಷ್ಟು ದಿನ ಒಳಗೊಳಗೇ ಕೂಡಿಟ್ಟುಕೊಂಡಿದ್ದ ಹೊಗಳಿಕೆಯೆಲ್ಲ ಈ ಹುಡುಗಿಯದೇ ಅಂತಾಯಿತು. ಅವಳು ಎದ್ದುಹೋಗಬೇಕು ಅಂದುಕೊಂಡಳು. ಅಷ್ಟರಲ್ಲಿ ಪುಟ್ಟರಾಜು ಮಾರ್ಟಾಳ ಕಡೆ ತಿರುಗಿದ.

ಪುಟ್ಟರಾಜು: ಅಂಗಾರೆ ಮಾರ್ಟವ್ವ, ಈ ಶರಟು?

ಮಾರ್ಟಾ: ಶರಟು... ಅದೂ ಅಂಗೇ ಅಪ್ಪಾಜಿ.

ಪುಟ್ಟರಾಜು: ಈ ಶರಟಾಗೆ ಒಳ್ಳೆ ಮದ್ವೆ ಗಂಡ್ನಂಗ್ ಕಾಣ್ತಾರೆ ಅಂತ ನಿಮ್ಮಮ್ಮ ಅಂದ್ಲು ಅಂದ್ಯಲ್ಲ?

ಪುಟ್ಟತಾಯಮ್ಮ: ಮದ್ವೆ ಗಂಡಾ? ಪೋಸ್ಟ್ ಡಬ್ಬ ಎದ್ದು ನಡ್ಕಂಡ್ ಬಂದಂಗೈತೆ, ಬಿಚ್ಚಾಕು ಅನ್ನು ಅಂತ ಹೇಳ್ಕಳಿಸಿದ್ದೆ! ಗೌರಿ ಹಾಲು ಕರೆಯುವಾಗ್ಲೂ ಅದೇ, ಸೊಸೈಟಿ ಮೀಟಿಂಗ್‌ಗೂ ಅದೇ. ನನ್ ಹೊಟ್ಟೆ ಉರ್ಸಕ್ಕೇ ಹಾಕ್ಕತಾರೆ ಅಂದ್ಕಂಡಿದ್ದೆ!

ಪುಟ್ಟರಾಜು: ನಂಗೇನ್ ಚೆಂದವೇನ್ಲೇ ಇದು? ಗೌರಿ ಕಂಡ್ರೆ ಬೆದುರ್ತಿತ್ತು, ಸೊಸೈಟಿಯೋರೆಲ್ಲ ಆಡ್ಕಂಡ್ ನಗ್ತಿದ್ರು. ಎಲ್ಲೋ... ನೀನ್ ಇಷ್ಟಪಡ್ತೀಯಲ್ಲ ಅಂತ ಹಾಕ್ಕತಿದ್ದೆ.

ಪುಟ್ಟತಾಯಮ್ಮ ಗಂಡನ ಕಡೆ ತಿರುಗಿದಳು. ಕಾಲರು ಸವೆದು ನೂಲು ಬಿಟ್ಟಿದ್ದ ಆ ಶರಟನ್ನೂ, ಮೊಣಕಾಲಿನ ಹತ್ತಿರ ಕೂತಿದ್ದ ಆ ಮುದ್ದೆಯನ್ನೂ ಒಂದು ಸಲ ನೋಡಿದಳು. ಇಷ್ಟವಾಗಲಿ ಅಂತ ಇವಳು ತೊಳಸಿದ್ದು, ಇಷ್ಟ ಅಂತ ಅವನು ತೊಟ್ಟಿದ್ದು. ಸಿಟ್ಟೆಲ್ಲ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ತನ್ನ ತಟ್ಟೆಯಿಂದ ಕೋಳಿಯ ಒಳ್ಳೆಯ ತುಂಡೊಂದನ್ನು ತೆಗೆದು ಗಂಡನ ತಟ್ಟೆಗೆ ಹಾಕಿದಳು.

ಪುಟ್ಟತಾಯಮ್ಮ: ಉಣ್ಣಿ. ಸಂಜೀಕ್ ಮೆತ್ತಗ್ ಮಾಡ್ಕೊಡ್ತೀನಿ.

ಪುಟ್ಟರಾಜು: ಬೀಗರ ಮುಂದೆ ನಾನ್ ಅಂಗ್ ಅನ್ಬಾರ್ದಾಗಿತ್ತು. ಆವತ್ತೇನೋ ನಾಲಿಗೆ ಜಾರ್ಬುಡ್ತು ಕಣೇ.

ಮಾರ್ಟಾ ಚಪ್ಪಾಳೆ ತಟ್ಟಿದಳು.

ಮಾರ್ಟಾ: ಮಾತಾಡ್ಬುಟ್ರಿ! ಇಬ್ರೂ ಮಾತಾಡ್ಬುಟ್ರಿ!

ಇಬ್ಬರೂ ತುತ್ತು ಕೈಯಲ್ಲಿ ಹಿಡಿದು ಹಾಗೆಯೇ ಕೂತರು. ಆ ಹುಡುಗಿ ಅಷ್ಟು ಹೊತ್ತು ಸುಮ್ಮನಿದ್ದವಳು, ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ಪುಟ್ಟತಾಯಮ್ಮ: ಊಂ, ಮಾತಾಡ್ದೆ. ಅವ್ರು ಮೊದ್ಲು ಮಾತಾಡ್ಸುದ್ರು, ಅದುಕ್ಕೆ ಮಾತಾಡ್ದೆ.

ಪುಟ್ಟರಾಜು: ನಾನೆಲ್ಲಿ ಮೊದ್ಲು? ಪೋಸ್ಟ್ ಡಬ್ಬ ಅಂದೋರ್ ಯಾರು?

ಪುಟ್ಟತಾಯಮ್ಮ: ಅದು ನಾನ್ ಮಾರ್ಟಂಗೆ ಹೇಳಿದ್ದು. 'ಏನ್ಲೇ' ಅಂದೋರ್ ಯಾರು?

ಪುಟ್ಟರಾಜು: ಅದು ಸುಮ್ಕೆ ಬಾಯಿಗ್ ಬಂತು. ತಟ್ಟೆಗ್ ತುಂಡು ಹಾಕಿ 'ಉಣ್ಣಿ' ಅಂದಿದ್ದು ಯಾರು? ಅದು ಲೆಕ್ಕ.

ಪುಟ್ಟತಾಯಮ್ಮ: ನೋಡವ್ವ ಮಾರ್ಟಾ, ಬಸ್ಸಲ್ಲಿ ನಾನೇನಂದಿದ್ದೆ? ಅವರಾಗೇ ಮಾತಾಡ್ಸೋವರ್ಗೂ ಅಂದಿದ್ದೆ. ಈಗ ಸೋತಿದ್ದು ಯಾರು? ನಿಮ್ಮಪ್ಪಾಜಿಗೆ ಹೇಳು!

ಪುಟ್ಟರಾಜು: ನೀನೇ ಎದ್ರಿಗ್ ಕುಂತಿದ್ದೆ, ನೀನೇ ಹೇಳವ್ವ! ಮೊದ್ಲು ಬಾಯ್ಬಿಟ್ಟಿದ್ದು ಯಾರು ಅಂತ ನಿಮ್ಮಮ್ಮಂಗೆ ಹೇಳು!

ಮಾರ್ಟಾ ಒಮ್ಮೆ ಬಲಕ್ಕೆ ನೋಡಿದಳು, ಒಮ್ಮೆ ಎಡಕ್ಕೆ ನೋಡಿದಳು. ಆಮೇಲೆ ನಿಧಾನವಾಗಿ ಬೆರಳು ನೆಕ್ಕಿ, ಬಸ್ಸಿಳಿದ ದಿನದ ಅದೇ ಮುಗ್ಧ ಮುಖ ಮಾಡಿಕೊಂಡಳು.

ಮಾರ್ಟಾ: ನನಗೆ... ಕನ್ನಡ... ಬರಲ್ಲ.