ಜೋಮು ಹಿಡಿದ ಕೆನ್ನೆಗೆ ನಾನೇ ಕಾವಲು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತೂ ಅಷ್ಟಕ್ಕಷ್ಟೆ. ಎಂಟನೇ ತರಗತಿಗೇ ಸ್ಕೂಲು ಬಿಟ್ಟವಳು, ಓದುವವರು ಮನ್ನಿಸಬೇಕು. ಆದರೆ ಎಚ್ಚರಿಕೆಯಲ್ಲಿ ನನ್ನನ್ನು ಮೀರಿಸುವವರು ಹರದನಹಳ್ಳಿಯಲ್ಲೇ ಇಲ್ಲ! ದೀಪ ಆರಿಸಿ ಮಲಗಿದ ಮೇಲೂ, ನಿಜವಾಗಿ ಆರಿದೆಯೇ ಎಂದು ಕತ್ತಲಲ್ಲಿ ಎದ್ದು ತಡಕಿ ನೋಡುವವಳು ನಾನು. ಅದಕ್ಕೇ ಅಜ್ಜಿಯ ಹಲ್ಲು ಕೀಳಿಸುವ ಮಹಾಕಾರ್ಯ ಬಂದಾಗ ಅಪ್ಪನಿಗೆ ಮಾತು ಕೊಟ್ಟೆ: ಅಜ್ಜಿಯನ್ನು ಹೇಗೆ ಕರೆದೊಯ್ಯುತ್ತೇನೋ ಹಾಗೇ ತಂದು ಒಪ್ಪಿಸುತ್ತೇನೆ, ಒಂದು ಹಲ್ಲು ಮಾತ್ರ ಕಮ್ಮಿ.

ಅಜ್ಜಿ ದೊಡ್ಡತಾಯಮ್ಮ ನಮ್ಮೂರಿನ ಮದುವೆಗಳಲ್ಲಿ ಸೋಬಾನೆ ಪದಕ್ಕೆ ಮೊದಲ ದನಿ. ಚೆನ್ನಯ್ಯನವರ ಮಗಳ ಮದುವೆ ಹತ್ತಿರ ಬಂದಿರುವಾಗಲೇ ಅವಳ ದವಡೆ ಹಲ್ಲು ಕೆರಳಿ ಬಾಯಿ ತೆರೆಯದಂತಾಯಿತು. ಎದುರುಮನೆ ಬೆಟ್ಟಮ್ಮ ಬಾವಿಕಟ್ಟೆಯಲ್ಲಿ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆಂದು ಸುದ್ದಿ ಬಂತು. ಹಲ್ಲಿಗಿಂತ ಹೆಚ್ಚು ನೋಯಿಸಿದ್ದು ಆ ಸುದ್ದಿ. ಅಜ್ಜಿ ತಾನೇ ಬಸ್ಸು ಹತ್ತಿದಳು.

ಹೊಳೆನರಸೀಪುರದ ಹಲ್ಲಿನ ಡಾಕ್ಟರು ಮೊದಲು ಕೇಳಿದ್ದು ತಿಂಡಿ ಆಯಿತೇ ಎಂದು. ಆಪರೇಷನ್ ಎಂದರೆ ಉಪವಾಸವೆಂದುಕೊಂಡು ನಾನು ಅಜ್ಜಿಗೆ ಒಂದು ಹನಿ ಅಂಬಲಿಯನ್ನೂ ಕೊಟ್ಟಿರಲಿಲ್ಲ. ಜೋಮು ಹಿಡಿಸುವ ಸೂಜಿಗೆ ಖಾಲಿ ಹೊಟ್ಟೆ ಬೇಡ, ತಲೆ ಸುತ್ತೀತು ಎಂದು ಇಡ್ಲಿ ತಿನ್ನಲು ಕಳಿಸಿದರು. ಬಂದ ಮೇಲೆ ಎದೆ ಬೇನೆ ಇದೆಯೇ, ಹಿಂದೆ ಯಾವುದಾದರೂ ಸೂಜಿ ಒಗ್ಗದೆ ಹೋಗಿತ್ತೇ ಎಂದು ವಿಚಾರಿಸಿದರು. ಸೂಜಿ ಚುಚ್ಚಿ, ಒಂಚೂರು ಹಿಂದಕ್ಕೆ ಎಳೆದು, ರಕ್ತ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ನಿಧಾನವಾಗಿ ಮದ್ದು ಬಿಟ್ಟರು. ಮದ್ದು ರಕ್ತನಾಳಕ್ಕೆ ಇಳಿಯಬಾರದಂತೆ. ಆಹಾ, ನನ್ನ ಜಾತಿಯ ಮನುಷ್ಯ ಎಂದುಕೊಂಡೆ!

ಹಲ್ಲು ಕಿತ್ತು ಬಂದದ್ದೂ ಅಜ್ಜಿಗೆ ಗೊತ್ತಾಗಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು. "ಜೋಮು ಬಿಡೋವರೆಗೂ ಬಿಸಿ ಕಾಫಿ ಬೇಡ, ಅಗಿಯೋದೂ ಬೇಡ. ನಾಲಿಗೆ ಕಚ್ಚಿಕೊಂಡರೂ ಗೊತ್ತಾಗೋಲ್ಲ."

ನಾಲಿಗೆ! ನಾಲಿಗೆ ಹೋದರೆ ಸೋಬಾನೆ ಹೋಯಿತು, ಬೆಟ್ಟಮ್ಮ ಗೆದ್ದಳು. ನಾಚಿಕೆ ನುಂಗಿಕೊಂಡು, ಜೋಮು ಬಿಟ್ಟಿದ್ದು ತಿಳಿಯೋದು ಹೇಗೆ ಅಂದೆ. ಮುಟ್ಟಿ ನೋಡು ಅಂದರು.

ಬಸ್ ಸ್ಟ್ಯಾಂಡಿನ ಬೆಂಚಿನ ಪಕ್ಕದಲ್ಲೇ ಹೋಟಲು. ಕಾಫಿ ವಾಸನೆ ಅಜ್ಜಿಯ ಮೂಗಿಗೆ ಬಡಿಯಿತು. ಮೂಗಿಗೆ ಜೋಮು ಇರಲಿಲ್ಲವಲ್ಲ!

"ಬುಡ್ತು ಕಣೇ ರೇವಿ, ಕಾಪಿ ಕೊಡ್ಸು."

"ಈಗ ಮುಟ್ಟಿದ್ನಲ್ಲಜ್ಜಿ, ಗೊತ್ತಾಯ್ತಾ?"

"ಊಂ, ಗೊತ್ತಾಯ್ತು."

ನಾನು ಮುಟ್ಟಿಯೇ ಇರಲಿಲ್ಲ.

ಅಜ್ಜಿಯ ಬಾಯನ್ನು ನಂಬುವಂತಿಲ್ಲ; ಕೆನ್ನೆಯನ್ನೇ ಕೇಳಬೇಕು. ಅವಳು ಅತ್ತ ನೋಡುವಾಗ ಮೆಲ್ಲಗೆ ಚಿವುಟಿದೆ. ಮಿಸುಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಬಸ್ಸು ಬಂತು, ಹತ್ತಿದೆವು, ಮತ್ತೊಮ್ಮೆ. ಮೆಲ್ಲಗೆ ಚಿವುಟಿದರೆ ಪರೀಕ್ಷೆ ಸರಿಯಾಗಲಿಕ್ಕಿಲ್ಲವೆಂದು ಉಗುರೂ ಸೇರಿಸಿದೆ. ಊರು ಹತ್ತಿರವಾದಾಗ ಅಜ್ಜಿ ಬೆಚ್ಚಿ ಕೆನ್ನೆಗೆ ಫಟ್ಟನೆ ಹೊಡೆದುಕೊಂಡು, "ಕಣಜ ಕಡೀತು ಕಣೇ" ಅಂದಳು. ನನ್ನ ಆನಂದಕ್ಕೆ ಪಾರವಿಲ್ಲ! ಮನೆಗೆ ಬಂದು ಆರಿಸಿದ ಕಾಫಿ ಕೊಟ್ಟು, ಗೆದ್ದ ಸೇನಾಪತಿಯಂತೆ ಮಲಗಿದೆ.

ಬೆಳಿಗ್ಗೆ ಅಜ್ಜಿಯ ಕೆನ್ನೆ ಬದನೇಕಾಯಾಗಿತ್ತು. ಅದೇ ಬಣ್ಣ, ಅದೇ ಗಾತ್ರ. ಸೂಜಿ ಮದ್ದು ನಂಜಾಯಿತೆಂದು ಅಪ್ಪ ಕೂಗಾಡಿದರು. ಬೆಟ್ಟಮ್ಮ ಬಂದು, ಜೇನು ಸುರಿಯುವ ದನಿಯಲ್ಲಿ, "ನೀ ಸುಮ್ಕೆ ಕುಂತ್ಕ ಅಕ್ಕ, ಪದವ ನಾನೇ ಯೇಳ್ತೀನಿ" ಅಂದಳು. ಅಜ್ಜಿಯ ಕಣ್ಣಲ್ಲಿ ನೀರಾಡಿತು. ಅದು ಹಲ್ಲು ಕಿತ್ತಾಗಲೂ ಬಂದಿರಲಿಲ್ಲ.

ಅಪ್ಪ ನಮ್ಮಿಬ್ಬರನ್ನೂ ಡಾಕ್ಟರ ಮುಂದೆ ನಿಲ್ಲಿಸಿದರು. ಡಾಕ್ಟರು ಬಾಯೊಳಗೆ ನೋಡಿದರು, ಕೆನ್ನೆ ನೋಡಿದರು, ಆಮೇಲೆ ನನ್ನ ಕೈಯ ಉಗುರು ನೋಡಿದರು. "ಒಳಗೆ ನಾನು ಮಾಡಿದ್ದು ಚೆನ್ನಾಗೇ ಇದೆ, ಸ್ವಾಮಿ. ಹೊರಗೆ ಮಾಡಿದವರು ಬೇರೆ. ಮುಟ್ಟು ಅಂದೆನಮ್ಮ, ಚಿವುಟು ಅನ್ನಲಿಲ್ಲ."

ನಾನು ನೆಲ ನೋಡಿದೆ. ಅಜ್ಜಿ ನನ್ನನ್ನು ನೋಡಿದಳು. ಪದ ಹೇಳಬಹುದೇ ಎಂದಷ್ಟೇ ಕೇಳಿದಳು. ಧಾರಾಳವಾಗಿ ಎಂದರು ಡಾಕ್ಟರು.

ಮದುವೆಯಲ್ಲಿ ಸೆರಗು ಕೆನ್ನೆಗೆ ಎಳೆದುಕೊಂಡು ಅಜ್ಜಿಯೇ ಪದ ಎತ್ತಿದಳು. ಬೆಟ್ಟಮ್ಮ ಹಿಂದಿನಿಂದ ದನಿಗೂಡಿಸಬೇಕಾಯಿತು. ಬೀಗರನ್ನು ಹಂಗಿಸುವ ಪದ ಬಂದಾಗ ಅಜ್ಜಿ ಬೀಗರನ್ನು ಬಿಟ್ಟು ನನ್ನ ಕಡೆ ತಿರುಗಿದಳು:

"ಹಲ್ಲ ಕಿತ್ತವನು ನೋವ ಕೊಡಲಿಲ್ಲ, ಸೋಬಾನೆ
ಕೆನ್ನೆ ಕಾದವಳು ಕೆನ್ನೆ ಬಿಡಲಿಲ್ಲ, ಸೋಬಾನೆ"

ಚಪ್ಪರ ಬಿದ್ದುಹೋಗುವಷ್ಟು ನಗು. ನಾನು ಅಡಿಗೆಯವರ ಕಡೆ ಓಡಿದೆ.

ಈಗ ನನ್ನದೇ ಹಲ್ಲು ನೋಯುತ್ತಿದೆ. "ನಾನೇ ಕರ್ಕೊಂಡ್ ಓಯ್ತೀನಿ ಬಾ. ಜೋಮು ಬುಡ್ತಾ ಇಲ್ವಾ ಅಂತ ನೋಡಾಕೆ ಒಬ್ರು ಬ್ಯಾಡ್ವಾ?" ಎಂದು ಅಜ್ಜಿ ತನ್ನ ಉಗುರು ನೋಡಿಕೊಳ್ಳುತ್ತಾಳೆ.

ಸೋಮವಾರ ತಿಂಡಿ ತಿಂದು ಹೋಗುತ್ತೇನೆ. ಬಸ್ಸಿನಲ್ಲಿ ಅಜ್ಜಿಯ ಪಕ್ಕ ಕೂರುವುದಿಲ್ಲ.