ಶನಿವಾರದ ನೀರುದೋಸೆ ಮತ್ತು ಜಪಾನಿನ ಪಂಪ್ ತಂಡ

ನಾಲ್ಕು ಜನ ಒಪ್ಪಿಕೊಂಡ ಮಾತನ್ನು ಐದನೆಯವನಾಗಿ ಒಪ್ಪಿಕೊಳ್ಳುವುದು ನನ್ನಿಂದ ಈ ತನಕ ಆಗಿಲ್ಲ. ಇದನ್ನು ನಾನು ಗುಣವೆಂದೂ ನನ್ನ ಹೆಂಡತಿ ಸುನಂದಾ ರೋಗವೆಂದೂ ಕರೆಯುತ್ತೇವೆ. ಶಾಲೆಯನ್ನು ಬೇಗ ಬಿಟ್ಟವನಿಗೆ ಒಂದು ಅನುಕೂಲವಿದೆ: ಯಾವುದನ್ನು ನಂಬಬೇಕೆಂದು ಹೇಳಿಕೊಡುವ ಮೇಷ್ಟರು ಅವನ ತಲೆಯೊಳಗೆ ಕುಳಿತಿರುವುದಿಲ್ಲ. ನಾನು ಓದಿದ್ದೆಲ್ಲ ಬಹರೈನಿನ ಸಿತ್ರಾದಲ್ಲಿ, ನಾನು ಕೆಲಸ ಮಾಡುವ ಕಾರ್ಖಾನೆಯ ಉಗ್ರಾಣದಲ್ಲಿ, ನಟ್ಟು ಬೋಲ್ಟುಗಳ ನಡುವೆ, ಊರಿಗೆ ಹೋಗುವವರು ಬಿಟ್ಟುಹೋದ ಪುಸ್ತಕಗಳಿಂದ. ಹಾಗೆ ಬಿಟ್ಟುಹೋದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊನೆಯ ಪುಟಗಳು ಇರುವುದಿಲ್ಲ. ಆದ್ದರಿಂದ ತೀರ್ಮಾನಗಳನ್ನು ನಾನೇ ಮಾಡಿಕೊಳ್ಳಬೇಕಾಯಿತು. ಆ ಅಭ್ಯಾಸ ಹಾಗೆಯೇ ಉಳಿದುಬಿಟ್ಟಿದೆ.

ಒಂದು ಉದಾಹರಣೆ ಹೇಳುತ್ತೇನೆ. ಬಹರೈನಿಗೆ ಬಂದ ನೆಂಟರನ್ನೆಲ್ಲ ಮರುಭೂಮಿಯ ನಡುವೆ ಒಂಟಿಯಾಗಿ ನಿಂತ ಒಂದು ಮರದ ಬಳಿಗೆ ಕರೆದೊಯ್ದು, "ಇದು ಶತಮಾನಗಳಿಂದ ನೀರಿಲ್ಲದೆ ಬದುಕಿದೆ" ಎಂದು ತೋರಿಸುವುದು ಇಲ್ಲಿನ ಪದ್ಧತಿ. ಬಂದವರು ತಲೆಯಾಡಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಮಾತ್ರ, ಯಾರೋ ಗುಟ್ಟಾಗಿ ನೀರು ಹಾಕುತ್ತಿದ್ದಾರೆ ಎಂಬ ಸಂಶಯ. ಒಂದು ಶುಕ್ರವಾರ ಬುತ್ತಿ ಕಟ್ಟಿಸಿಕೊಂಡು, ಸುನಂದಾಳನ್ನೂ ಕರೆದುಕೊಂಡು ಹೋಗಿ, ಬೆಳಗಿನಿಂದ ಸಂಜೆಯವರೆಗೆ ಆ ಮರದ ಎದುರು ಕಾವಲು ಕುಳಿತೆ. ಯಾರೂ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಸುನಂದಾ ಕೈ ತೊಳೆದ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಬೇಲಿಯ ಮೇಲಿನಿಂದ ಬುಡದ ಕಡೆಗೆ ಚೆಲ್ಲಿ, "ನೋಡಿದಿರಲ್ಲ, ನೀರು ಹಾಕುವುದು ನಾನೇ. ಇನ್ನು ಮನೆಗೆ ಹೋಗುವ" ಎಂದಳು.

ಇಂಥ ನನ್ನ ನೆಮ್ಮದಿಯನ್ನು ಕೆಡಿಸಿದವರು ಒಗಾವಾ ಎಂಬ ಜಪಾನಿ ಸಜ್ಜನರು. ನಮ್ಮ ಕಾರ್ಖಾನೆಯ ದೊಡ್ಡ ಪಂಪುಗಳು ಅವರ ಕಂಪನಿಯವು. ಅವುಗಳ ಆರೋಗ್ಯ ನೋಡಿಕೊಳ್ಳಲು ಅವರನ್ನು ಇಲ್ಲಿಗೆ ಕಳಿಸಿದ್ದರು. ನನ್ನದೇ ವಯಸ್ಸು, ಒಂಟಿ ಜೀವ, ಜಿಂಜ್ ಬಡಾವಣೆಯಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ವಾಸ. ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ದಿನಾ ನನ್ನ ಪಕ್ಕದಲ್ಲಿ ಕುಳಿತು, ಅವರ ಇಂಗ್ಲಿಷಿಗೆ ನನ್ನ ಇಂಗ್ಲಿಷನ್ನು ಜೋಡಿಸಿಕೊಂಡು ಮಾತಾಡುತ್ತಿದ್ದರು. ಎರಡೂ ಸಮಾನವಾಗಿ ದುರ್ಬಲವಾಗಿದ್ದುದರಿಂದ ಸಂಭಾಷಣೆ ಸರಾಗವಾಗಿತ್ತು.

ಅವರ ಪ್ರೀತಿಯೆಲ್ಲ ಜಪಾನಿನ ಮೂರನೆಯ ದರ್ಜೆಯಲ್ಲಿ ಆಡುವ ಒಂದು ಫುಟ್‌ಬಾಲ್ ತಂಡದ ಮೇಲೆ. ಅದರ ಹೆಸರು ಹೇಳಹೊರಟರೆ ನನ್ನ ನಾಲಗೆ ಅರ್ಧದಲ್ಲಿ ಕೈಕೊಡುತ್ತದೆ. ಪಂಪ್ ತಂಡ ಎಂದರೆ ಸಾಕು. ಏಕೆಂದರೆ ಮೊದಲು ಅದು ಅವರ ಪಂಪ್ ಕಾರ್ಖಾನೆಯ ತಂಡವೇ ಆಗಿತ್ತು. ಆಮೇಲೆ ಕಂಪನಿ ಕೈಬಿಟ್ಟು, ಊರಿನವರು ಎತ್ತಿಕೊಂಡು, ಹೆಸರು ಬದಲಾಯಿತು. ಆದರೆ ಲಾಂಛನದಲ್ಲಿ ಪಂಪಿನ ಚಕ್ರ ಇನ್ನೂ ತಿರುಗುತ್ತಿದೆ. ಹಳೆಯ ಕಾಲದಲ್ಲಿ ಆಟಗಾರರು ಮಧ್ಯಾಹ್ನದವರೆಗೆ ಲೇತ್ ಯಂತ್ರದ ಮುಂದೆ ದುಡಿದು, ಸಂಜೆ ಅದೇ ಕಾಲುಗಳಲ್ಲಿ ಮೈದಾನಕ್ಕೆ ಓಡುತ್ತಿದ್ದರಂತೆ. ಆ ತಂಡದಲ್ಲಿ ತಾವೂ ಇದ್ದುದಾಗಿ ಹೇಳಿ ಒಗಾವಾ ಒಂದು ಫೋಟೋ ತೋರಿಸಿದರು. ಸಾಲಿನ ತುದಿಯಲ್ಲಿ, ಅರ್ಧ ಭುಜ ಚೌಕಟ್ಟಿನಾಚೆಗೆ ಹೋದ ಒಬ್ಬ ಯುವಕ ನಿಂತಿದ್ದ. "ನನ್ನ ಜಾಗ ಲೆಫ್ಟ್ ಬ್ಯಾಕ್" ಎಂದರು. ಎಂದರೆ, ಎಡಬದಿಯನ್ನು ಕಾಯುವವರು.

ನನಗೆ ನಂಬಿಕೆ ಬರಲಿಲ್ಲ. ಕಂಪನಿ ತಂಡವೆಂದರೆ ಏನೆಂದು ಉಗ್ರಾಣದವನಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಂದೆ ನಾನಿದ್ದ ಒಂದು ಸಣ್ಣ ಸಂಸ್ಥೆಯ ಧಣಿಗೆ ಕಾರ್ಖಾನೆಗಳ ನಡುವಿನ ಪಂದ್ಯದಲ್ಲಿ ಕಪ್ ಗೆಲ್ಲುವ ಹುಚ್ಚು ಹಿಡಿದು, ಇಡೀ ಮುಂಚೂಣಿಯನ್ನೇ ವೆಲ್ಡರ್ ವೀಸಾದಲ್ಲಿ ತರಿಸಿದ್ದರು. ಅವರಲ್ಲೊಬ್ಬ ನನ್ನ ಬಳಿಗೆ ಬಂದು ವೆಲ್ಡಿಂಗ್ ಕಡ್ಡಿಯನ್ನು ಕೈಗೆತ್ತಿಕೊಂಡು, ಇದನ್ನು ಯಾವ ತುದಿಯಿಂದ ಹಚ್ಚುವುದು ಎಂದು ಕೇಳಿದ್ದ. ಗೋಲು ಮಾತ್ರ ಚೆನ್ನಾಗಿ ಹೊಡೆಯುತ್ತಿದ್ದ. ಆದ್ದರಿಂದ, ದುಡಿಯುವವರು ಆಡುವುದಿಲ್ಲ, ಆಡುವವರು ದುಡಿಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಒಗಾವಾ ಅವರು ದುಡಿಯುವವರೆಂಬುದಕ್ಕೆ ಅವರ ಪಂಪುಗಳೇ ಸಾಕ್ಷಿ. ಅಂದಮೇಲೆ ಆಟದ ಕಥೆ ಸುಳ್ಳಿರಬೇಕು.

ಸಂಶಯ ಸಂಶಯದ ಕಡೆಗಿರಲಿ, ಶನಿವಾರದ ಪಂದ್ಯಗಳು ನಮ್ಮ ಮನೆಯೊಳಗೆ ನುಗ್ಗಿದವು. ಜಪಾನಿನಲ್ಲಿ ಮಧ್ಯಾಹ್ನದ ಆಟವೆಂದರೆ ನಮಗೆ ಬೆಳಗಿನ ತಿಂಡಿಯ ಹೊತ್ತು. ಒಗಾವಾ ಅವರ ಮನೆಯಲ್ಲಿ ಟಿವಿ ಇಲ್ಲ. ನಮ್ಮಲ್ಲಿ ಟಿವಿಯೂ ಇದೆ, ಸುನಂದಾಳ ನೀರುದೋಸೆಯೂ ಇದೆ. ಒಂದು ಸಲ ಬಂದವರು ಪ್ರತಿ ಶನಿವಾರ ಬರತೊಡಗಿದರು. ದೋಸೆಯನ್ನು ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿ, ಕಾಯಿಬೆಲ್ಲವನ್ನು ಒಳಗಿಟ್ಟು, ತಂಡ ಸೋಲುವುದನ್ನು ಶಾಂತವಾಗಿ ನೋಡುತ್ತಿದ್ದರು. ನನಗೂ ಒಂದು ಸ್ಕಾರ್ಫ್ ತಂದುಕೊಟ್ಟಿದ್ದರು. ಏಸಿಯ ಗಾಳಿಗೆ ಕುತ್ತಿಗೆ ಹಿಡಿಯುವುದರಿಂದ ನಾನು ಅದನ್ನು ಸುತ್ತಿಕೊಂಡೆ. ಅಭಿಮಾನಿಯೆಂಬ ಪಟ್ಟ ತಾನಾಗಿಯೇ ಬಂತು. ಹೊರಗೆ ಹೇಳಿಕೊಳ್ಳದಿದ್ದರೂ, ಶುಕ್ರವಾರ ಸಂಜೆಯಿಂದಲೇ ನಾನು ಶನಿವಾರವನ್ನು ಎದುರುನೋಡತೊಡಗಿದ್ದೆ. ಈ ವಯಸ್ಸಿನಲ್ಲಿ ಹೊಸ ಗೆಳೆಯರು ಸುಲಭವಾಗಿ ಸಿಗುವುದಿಲ್ಲ.

ಆದರೂ ಸತ್ಯವನ್ನು ಪರೀಕ್ಷಿಸದೆ ಬಿಟ್ಟರೆ ನಾನು ನಾನಾಗುವುದು ಹೇಗೆ? ಕೆಳಮನೆಯ ವಿಲ್ಸನ್ ಮಂಗಳೂರಿನವನು, ಆಸ್ಪತ್ರೆಯಲ್ಲಿ ನರ್ಸ್. ಅವನ ಚರ್ಚಿನ ಗುಂಪಿನವರು ಈಸಾ ಟೌನಿನ ಮೈದಾನದಲ್ಲಿ ವಿವಾಹಿತರು ಮತ್ತು ಅವಿವಾಹಿತರ ನಡುವೆ ಫುಟ್‌ಬಾಲ್ ಪಂದ್ಯವಿಟ್ಟಿದ್ದರು. ಅವಿವಾಹಿತರಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆಂದು ತಿಳಿದೊಡನೆ, "ನನ್ನ ಬಳಿ ಜಪಾನಿನ ಲೆಫ್ಟ್ ಬ್ಯಾಕ್ ಒಬ್ಬರಿದ್ದಾರೆ" ಎಂದೆ. ಒಗಾವಾ ಬೇಡವೆಂದು ಕೈಯಾಡಿಸಿದರು. ನಾನು ಬಿಡಲಿಲ್ಲ. "ವಯಸ್ಸಾಯಿತು, ಶೆಟ್ಟಿಸಾನ್" ಎಂದರು; ಶೆಟ್ಟಿಯಾದ ನನಗೆ ಜಪಾನಿನ ಮರ್ಯಾದೆಯ 'ಸಾನ್' ಸೇರಿಸಿಯೇ ಅವರು ಕರೆಯುವುದು. "ಇಲ್ಲಿ ಎಲ್ಲರಿಗೂ ಆಗಿದೆ" ಎಂದೆ.

ಅವರ ಆಟವನ್ನು ವರ್ಣಿಸುವುದು ಸಭ್ಯತೆಯಲ್ಲ. ಚೆಂಡು ಬಂದಾಗಲೆಲ್ಲ ಅದಕ್ಕೆ ನಮಸ್ಕರಿಸಿ ದಾರಿ ಬಿಡುತ್ತಿದ್ದಾರೇನೋ ಎನ್ನಿಸುವಂತಿತ್ತು. ವಿಲ್ಸನ್ ಅಂಚಿಗೆ ಬಂದು, "ಅಂಕಲ್, ನಿಮ್ಮ ಜಪಾನಿ ಯಾವ ಟೀಮಿನವರು ಮಾರಾಯ್ರೆ? ಎದುರಿನವರಿಗೆ ಇವರಷ್ಟು ಸಹಾಯ ಅವರ ಕೋಚೂ ಮಾಡ್ಲಿಲ್ಲ" ಎಂದ. ಪಂದ್ಯ ಮುಗಿದು ಎಲ್ಲರೂ ಬಿರಿಯಾನಿಗೆ ಕುಳಿತಾಗ ನಾನು ಎದ್ದುನಿಂತು, ಎಲ್ಲರಿಗೂ ಕೇಳಿಸುವಂತೆ, "ಇವರೇ ನೋಡಿ, ಪಂಪ್ ತಂಡದ ಲೆಫ್ಟ್ ಬ್ಯಾಕ್" ಎಂದೆ. ಎಲ್ಲರೂ ನಕ್ಕರು. ಒಗಾವಾ ಕೂಡ ನಕ್ಕು, ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ನಗದವಳು ಸುನಂದಾ ಒಬ್ಬಳೇ.

ಕಾರಿನಲ್ಲಿ ಮನೆಗೆ ಮರಳುವಾಗ ಒಗಾವಾ ಅವರೇ ಮಾತೆತ್ತಿದರು. ತಂಡಕ್ಕೆ ಹೆಸರುಗಳು ಸಾಲದೆ ಬಂದಾಗ, ಕೆಲಸಕ್ಕೆ ಒಂದು ದಿನವೂ ತಪ್ಪಿಸದ ಹುಡುಗನೆಂದು ಫೋರ್‌ಮನ್ ಅವರ ಹೆಸರು ಸೇರಿಸಿದ್ದರಂತೆ. ಪಂದ್ಯದ ದಿನ ಎಲ್ಲರೊಡನೆ ಬೂಟು ಕಟ್ಟಿ, ಗೆರೆಯಾಚೆ ಓಡಿ ಮೈ ಬೆಚ್ಚಗೆ ಮಾಡಿಕೊಂಡು, ಬೆಂಚಿನ ಮೇಲೆ ಕೂರುವುದು; ಮುಗಿದ ಮೇಲೆ ಚೆಂಡುಗಳನ್ನು ಬಲೆಗೆ ತುಂಬುವುದು. ಹಲವು ವರ್ಷ ಅದೇ.

"ಒಮ್ಮೆ ಆಡಿದೆ" ಎಂದರು. "ಲೆಫ್ಟ್ ಬ್ಯಾಕಿನ ಹೆಂಡತಿಗೆ ಅವತ್ತು ಹೆರಿಗೆ. ನಾವು ಸೋತೆವು. ಅದರ ಫೋಟೋ ಇಲ್ಲ, ಶೆಟ್ಟಿಸಾನ್."

ನನ್ನ ಸಿದ್ಧಾಂತ ಕಾರಿನಲ್ಲೇ ತಲೆಕೆಳಗಾಯಿತು. ನಾನು ಕಂಡ ಆಟಗಾರರು ಕಾಗದದ ಮೇಲೆ ಮಾತ್ರ ಕೆಲಸಗಾರರಾಗಿದ್ದರು. ಇಲ್ಲೊಬ್ಬ ಕೆಲಸಗಾರ ಕಾಗದದ ಮೇಲೆ ಮಾತ್ರ ಆಟಗಾರನಾಗಿದ್ದ. ಫೋಟೋ ನಿಜ, ತಂಡ ನಿಜ, ಜಾಗವೂ ನಿಜ. ಆಡಿದೆನೆಂದು ಅವರು ಎಂದೂ ಕೊಚ್ಚಿಕೊಂಡಿರಲಿಲ್ಲ. ಆಡಿದ್ದೀರಾ ಎಂದು ಕೇಳುವ ಸೌಜನ್ಯ ನನಗಿರಲಿಲ್ಲ.

ಆ ವಾರವೆಲ್ಲ ಅವರು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತರು. ಶನಿವಾರ ಬಂತು. ಅದು ಋತುವಿನ ಕೊನೆಯ ಪಂದ್ಯ. ಪಂಪ್ ತಂಡ ಸೋತು, ಅಂಕಪಟ್ಟಿಯಲ್ಲಿ ಅದರ ಹಿಂದಿದ್ದ ತಂಡ ಗೆದ್ದರೆ, ನಮ್ಮವರು ಮೂರನೆಯ ದರ್ಜೆಯಿಂದಲೂ ಕೆಳಕ್ಕೆ. ಆಟ ಶುರುವಾಗುವ ಹೊತ್ತಾದರೂ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಿಲ್ಲ.

"ಅಕ್ಕಿ ಕಡೆದು ಇಟ್ಟಿದ್ದೇನೆ" ಎಂದಳು ಸುನಂದಾ. "ನಿಮಗೊಬ್ಬರಿಗೆ ನಾನು ಕಾವಲಿ ಇಡುವುದಿಲ್ಲ. ಮೇಲೆ ಹೋಗಿ ಕರ್ಕೊಂಡು ಬನ್ನಿ."

"ಹೋಗಿ ಎಂತ ಹೇಳುವುದು?"

"ಸಾರಿ ಅಂತ. ಅಷ್ಟೂ ಬರುವುದಿಲ್ವಾ? ಇಷ್ಟೆಲ್ಲ ಪುಸ್ತಕ ಓದಿದ್ದೀರಿ."

ಆ ಪದ ಬಹುಶಃ ಪುಸ್ತಕಗಳ ಕೊನೆಯ ಪುಟಗಳಲ್ಲಿತ್ತೇನೋ. ಮೆಟ್ಟಿಲು ಹತ್ತುತ್ತ ಅಭ್ಯಾಸ ಮಾಡಿಕೊಂಡೆ. ಒಗಾವಾ ಬಾಗಿಲು ತೆರೆದರು. ಕುತ್ತಿಗೆಯಲ್ಲಿ ಸ್ಕಾರ್ಫ್. ಹಿಂದೆ, ಅನ್ನದ ಕುಕ್ಕರಿಗೆ ಒರಗಿಸಿಟ್ಟ ಫೋನಿನ ಪುಟ್ಟ ಪರದೆಯಲ್ಲಿ ಇರುವೆ ಗಾತ್ರದ ಆಟಗಾರರು ಓಡುತ್ತಿದ್ದರು. ಅದನ್ನು ನೋಡಿದ್ದೇ ತಡ, ಅಭ್ಯಾಸ ಮಾಡಿದ ಪದ ಮೆಟ್ಟಿಲ ಮೇಲೆಯೇ ಉಳಿಯಿತು. ಬದಲಿಗೆ ಹೊರಬಿದ್ದ ಮಾತು ಇದು: "ನಿಮ್ಮ ತಂಡ ಇಂದು ಉಳಿಯುತ್ತದೆಂದು ನನಗೆ ನಂಬಿಕೆಯಿಲ್ಲ. ನನ್ನ ಟಿವಿಯಲ್ಲಿ ತೋರಿಸಿದರೆ ಮಾತ್ರ ಒಪ್ಪುತ್ತೇನೆ."

ಅವರು ನನ್ನ ಮುಖವನ್ನು ಪಂಪಿನ ಸದ್ದು ಆಲಿಸುವವರಂತೆ ನೋಡಿದರು. "ದೋಸೆ ಉಂಟಾ?" ಎಂದರು. ಕನ್ನಡದಲ್ಲಿಯೇ; ಸುನಂದಾ ಕಲಿಸಿದ್ದು.

"ಉಂಟು."

ನಾವು ಕೆಳಗಿಳಿದು ಟಿವಿ ಹಾಕುವ ಹೊತ್ತಿಗೆ ಪಂಪ್ ತಂಡ ಪದ್ಧತಿಯಂತೆ ಒಂದು ಗೋಲು ಬಿಟ್ಟುಕೊಟ್ಟು ಓಡುತ್ತಿತ್ತು. ಒಗಾವಾ ಅವರ ಕಣ್ಣು ಚೆಂಡಿನ ಮೇಲಿರಲಿಲ್ಲ. ಪರದೆಯ ಅಂಚಿನಲ್ಲಿ, ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡ ಒಬ್ಬ ಬದಲಿ ಆಟಗಾರ ಗೆರೆಯಾಚೆ ಮುಂದಕ್ಕೂ ಹಿಂದಕ್ಕೂ ಓಡುತ್ತಿದ್ದ. "ಒಳ್ಳೆಯ ಹುಡುಗ, ಮೊಣಕಾಲು ಚೆನ್ನಾಗಿ ಎತ್ತುತ್ತಾನೆ" ಎಂದರು. ಅಲ್ಲಿಂದ ನಾನೂ ಅವನನ್ನೇ ನೋಡತೊಡಗಿದೆ. ಕರೆಯಯ್ಯಾ, ಒಮ್ಮೆ ಕರೆ ಎಂದು ಕೋಚಿಗೆ ಮನಸ್ಸಿನಲ್ಲೇ ಬೈದೆ. ಕರೆಯಲಿಲ್ಲ. ಪಂದ್ಯ ಸೋತೆವು. ಇನ್ನೊಂದು ಪಂದ್ಯದ ಫಲಿತಾಂಶಕ್ಕಾಗಿ ಆಟಗಾರರು ಅಲ್ಲಾಡದೆ ಒಂದು ಫೋನಿನ ಸುತ್ತ ನಿಂತರು. ನಾವೂ ದೋಸೆ ಕೈಯಲ್ಲಿ ಹಿಡಿದು ಅಲ್ಲಾಡದೆ ಕುಳಿತೆವು. ಒಮ್ಮೆಲೇ ಅವರೆಲ್ಲ ಕುಪ್ಪಳಿಸಿದರು: ಹಿಂದಿದ್ದ ತಂಡವೂ ಸೋತಿತ್ತು. ಎಲ್ಲರಿಗಿಂತ ಎತ್ತರಕ್ಕೆ ಹಾರಿದವನು ಜಾಕೆಟ್ಟಿನ ಹುಡುಗ. ಹಾರಿ ಮುಗಿದ ಮೇಲೆ ಬಲೆ ತೆಗೆದುಕೊಂಡು ಚೆಂಡುಗಳನ್ನು ಆರಿಸತೊಡಗಿದ.

ಒಗಾವಾ ಕನ್ನಡಕ ಒರೆಸಿಕೊಂಡರು. ಸುನಂದಾ ಕೇಳದೆಯೇ ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಆಗ ನನ್ನ ಬಾಯಿಂದ, ಮೆಟ್ಟಿಲು ಹತ್ತುತ್ತ ಅಭ್ಯಾಸ ಮಾಡಿದ್ದ ಆ ಪದವೂ ಬಂತು. ಆದರೆ ಕಾವಲಿಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಒಗಾವಾ ತಲೆಬಾಗಿಸಿದ್ದು ದೋಸೆಗೋ ಅದಕ್ಕೋ ತಿಳಿಯದು.

ಮರುದಿನ ಈ ಕಥೆಯನ್ನೆಲ್ಲ ವಿಲ್ಸನ್‌ಗೆ ಹೇಳಿದೆ. ಕಾರ್ಖಾನೆಯ ಹುಡುಗ, ಬೆಂಚು, ಒಂದೇ ಒಂದು ಪಂದ್ಯ, ಎಲ್ಲ. ಅವನು ನಕ್ಕು, "ಅಂಕಲ್, ಒಂದೇ ಮ್ಯಾಚ್ ಆಡಿದ್ದು, ಅದರದ್ದೂ ಫೋಟೋ ಇಲ್ಲ. ನಿಮ್ಮ ಹತ್ರ ಪ್ರೂಫ್ ಎಂತ ಉಂಟು?" ಎಂದ.

"ಅವರೇ ಹೇಳಿದ್ದಾರಲ್ಲ, ಸಾಕು" ಎಂದೆ.

ಆ ಮಾತು ಯಾರದೆಂದು ನೋಡಲು ನಾನೇ ಒಮ್ಮೆ ಹಿಂದೆ ತಿರುಗಿದೆ. ಸುನಂದಾ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. "ಹಾಗಾದರೆ ಆ ಮರದ ಕೇಸೂ ಖಲಾಸ್ ಮಾಡುವಾ?" ಎಂದಳು. ಅದು ಬೇರೆ ವಿಚಾರ. ಮರದ ಬಗೆಗಿನ ನನ್ನ ಸಂಶಯ ಒಂದಿಷ್ಟೂ ಕಡಿಮೆಯಾಗಿಲ್ಲ. ಬರುವ ಶುಕ್ರವಾರ ಬುತ್ತಿ ಕಟ್ಟಿಸಿಕೊಂಡು ಮತ್ತೆ ಹೋಗುವವನಿದ್ದೇನೆ, ಈ ಸಲ ಒಗಾವಾ ಅವರ ಜೊತೆಗೆ. ಕಾದು ಕುಳಿತಿರುವ ವಿದ್ಯೆಯಲ್ಲಿ ಅವರಷ್ಟು ಪಳಗಿದವರು ಈ ದ್ವೀಪದಲ್ಲಿ ಬೇರೆ ಯಾರಿದ್ದಾರೆ?